ಕೊಚ್ಚಿಯಿಂದ ತಿಮಿಂಗಿಲ ಸರ್ವೆಗೆ ಹೊರಟವರಿಗೆ ನಾಲ್ಕು ಮಾತು

ಹಡಗಿನಿಂದ ತಿಮಿಂಗಿಲ, ಡಾಲ್ಫಿನ್ ಎಣಿಸುವ ಈ ಪ್ರವಾಸಕ್ಕೆ ಟಿಕೆಟ್ ಇಲ್ಲ. ಸಿಎಂಎಫ್‌ಆರ್‌ಐ, ಸಿಎಂಎಲ್‌ಆರ್‌ಇ ತರಹದ ಸರ್ಕಾರಿ ಕಡಲ ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ಮೂಲಕವೇ ಹಡಗು ಹತ್ತಬೇಕು. ಹತ್ತಿದ ಮೇಲೆ ಖರ್ಚು ಕಡಿಮೆ. ದುಡ್ಡು ಕರಗುವುದೆಲ್ಲ ದಡದಲ್ಲಿ.

ಹಡಗು ಹೇಳಿದ ದಿನವೇ ಹೊರಡುತ್ತದೆ ಅಂದುಕೊಳ್ಳಬೇಡಿ. ಗಾಳಿ ಇಳಿಯಬೇಕು, ಡೀಸೆಲ್ ತುಂಬಬೇಕು. ಅಲ್ಲಿಯವರೆಗೆ ಲಾಡ್ಜ್ ವಾಸ. ನಾನು ಉಳಿದ ಲಾಡ್ಜಿನವರು ಫೋನಿನಲ್ಲಿ ಒಂದು ರೇಟ್ ಹೇಳಿದ್ದರು. ಬ್ಯಾಗ್ ಇಳಿಸಿದ ಮೇಲೆ ‘ಏಸಿ ರೂಮ್ ಮಾತ್ರ ಖಾಲಿ ಇದೆ’ ಎಂದು ಹೆಚ್ಚುಕಡಿಮೆ ಎರಡರಷ್ಟು ಕಿತ್ತರು. ಆ ಏಸಿಯಿಂದ ಬಂದದ್ದು ನೀರು ಮಾತ್ರ, ತಂಪಲ್ಲ. ಬಕೆಟ್ ಇಟ್ಟು ಮಲಗಿದೆ. ರೇಟನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಫೋರ್ಟ್ ಕೊಚ್ಚಿ ಚೆಂದ ಅನ್ನುತ್ತಾರೆ, ನನಗೆ ಆ ಜಾತ್ರೆ ಸಹಿಸಲಾಗಲಿಲ್ಲ.

ಅದನ್ನೆಲ್ಲ ಮರೆಸಿದ್ದು ತೋಪ್ಪುಂಪಡಿ ಮೀನು ಬಂದರಿನ ಹತ್ತಿರದ ಬೋರ್ಡಿಲ್ಲದ ಅಂಗಡಿ. ಬೇಯಿಸಿದ ಮರಗೆಣಸು, ಮೇಲೆ ಬೂತಾಯಿ ಮೀನಿನ ಕೆಂಪು ಸಾರು. ಹುಳಿಗೆ ನಮ್ಮ ಶಿರಸಿ ಕಡೆಯ ಉಪ್ಪಾಗೆ ಸಿಪ್ಪೆ! ಹಿಂದಿನ ದಿನದ ಸಾರೇ ಜಾಸ್ತಿ ರುಚಿ ಎಂದು ಅಂಗಡಿಯ ಅಜ್ಜಿ ಅದನ್ನೇ ಬಡಿಸಿದರು. ಗೆಣಸು ಮುಗಿದರೆ ಕೇಳದೆಯೇ ಇನ್ನೊಂದು ಸೌಟು. ಲಾಡ್ಜಿನ ಕಾಫಿಗಿಂತ ಸ್ವಲ್ಪವೇ ಜಾಸ್ತಿ ಬಿಲ್ಲು. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನಕ್ಕೆ ಪಾತ್ರೆ ಖಾಲಿ.

ಇನ್ನು ಕಡಲು. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತನ್ನಿ. ಅವೊಮಿನ್ ನುಂಗಿದರೆ ನಿದ್ದೆ ಎಳೆಯುತ್ತದೆ, ಬೈನಾಕ್ಯುಲರ್ ಹಿಡಿದು ತೂಕಡಿಸಬೇಕಾಗುತ್ತದೆ. ಪೋಲರೈಸ್ಡ್ ಕನ್ನಡಕ, ಗದ್ದಕ್ಕೆ ದಾರ ಇರುವ ಟೋಪಿ ಬೇಕೇ ಬೇಕು.

ಕೆಲಸವೆಂದರೆ ಖಾಲಿ ನೀರು ನೋಡುವುದು. ಎಡಕ್ಕೊಬ್ಬರು, ಬಲಕ್ಕೊಬ್ಬರು, ಬರೆದುಕೊಳ್ಳಲು ಒಬ್ಬರು. ಏನೂ ಕಾಣದಿದ್ದರೂ ಗಾಳಿ, ಬಿಸಿಲ ಹೊಳಪು, ಹಡಗಿನ ಜಾಗ ಬರೆಯಲೇಬೇಕು. ಪ್ರಾಣಿ ಕಂಡರೆ ಮೊದಲು ಹಡಗು ಹೋಗುವ ದಿಕ್ಕಿನಿಂದ ಅದರ ಕೋನ, ಆಮೇಲೆ ದೂರ. ದೂರಕ್ಕೆ, ಪ್ರಾಣಿ ದಿಗಂತದಿಂದ ಎಷ್ಟು ಗೆರೆ ಕೆಳಗಿದೆ ಎಂದು ಬೈನಾಕ್ಯುಲರಿನೊಳಗೇ ಕಾಣುವ ಅಳತೆಗೆರೆಗಳಲ್ಲಿ ಎಣಿಸಬೇಕು. ಫೋಟೋ ಕೊನೆಗೆ. ಸ್ಪಿನ್ನರ್ ಡಾಲ್ಫಿನ್‌ಗಳು ಹಡಗಿನ ಮೂತಿಯ ಅಲೆಗೆ ಓಡಿ ಬರುತ್ತವೆ. ಬಂದ ಮೇಲೆ ಅಳೆದರೆ ಲೆಕ್ಕ ಕೆಡುತ್ತದೆ, ಮೊದಲು ಎಲ್ಲಿದ್ದವು ಅನ್ನುವುದೇ ಮುಖ್ಯ. ಗುಂಪಿಗೆ ಮೂರು ಸಂಖ್ಯೆ ಬರೆಯುತ್ತಾರೆ: ಕನಿಷ್ಠ, ಗರಿಷ್ಠ, ಸರಿ ಅನಿಸಿದ್ದು. ಬಿಳಿ ನೊರೆ ಏಳತೊಡಗಿದರೆ ಬೆನ್ನುರೆಕ್ಕೆ ಯಾವುದು, ಅಲೆ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಕರೆದರೆ ಯೋಚಿಸಿ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಸ್ಪರ್ಮ್ ತಿಮಿಂಗಿಲ ಸಿಕ್ಕರೆ ಗುರುತು ಸುಲಭ. ಉಸಿರಿನ ಕಾರಂಜಿ ನೇರ ಏಳುವುದಿಲ್ಲ, ಮುಂದಕ್ಕೆ ಎಡಕ್ಕೆ ವಾಲುತ್ತದೆ. ಬಾಲ ಎತ್ತಿ ಮುಳುಗಿದರೆ ಮುಕ್ಕಾಲು ಗಂಟೆ ಮೇಲೆ ಬಾರದಿರಬಹುದು. ಹಡಗು ಕಾಯುವುದಿಲ್ಲ, ನಮಗೆ ಹೊಟ್ಟೆಯುರಿ.

ವಾಪಸ್ ಟಿಕೆಟ್ ಮೊದಲೇ ಮಾಡಿಸಬೇಡಿ. ಬಂದರಿನ ಹೊರಗೆ, ಹಡಗನ್ನು ಒಳಗೆ ತರುವ ಪೈಲಟ್‌ಗೆ ಕಾಯುತ್ತಲೇ ಗಂಟೆಗಟ್ಟಲೆ ಹೋಗುತ್ತದೆ. ಫೋನಿಗೆ ನೆಟ್‌ವರ್ಕ್ ಬಂದ ಮೇಲೆ ತತ್ಕಾಲ್ ನೋಡಿ. ಸ್ಲೀಪರ್‌ಗೆ ಹಿಂದಿನ ದಿನ ಬೆಳಗ್ಗೆ 11ಕ್ಕೆ ತೆರೆಯುತ್ತದೆ.