ಲ್ಯಾಕ್ಸ್‌ಟನ್ ಮಾದರಿ: ಬೀದಿ ಮುಗಿಯಿತು, ಈಗ ಹೊಲದ ಕೆಲಸ

ಲ್ಯಾಕ್ಸ್‌ಟನ್ ಊರಿನ ಮುಖ್ಯ ಬೀದಿ ಪ್ಲೈವುಡ್ ಹಲಗೆಯ ಮೇಲೆ ಈಗ ಪೂರ್ತಿ ಎದ್ದು ನಿಂತಿದೆ. ಚರ್ಚು, ಡವ್‌ಕೋಟ್ ಇನ್ ಎಂಬ ಪಬ್, ಬಂದೀದೊಡ್ಡಿ, ಎರಡೂ ಬದಿಯ ರೈತರ ಮನೆಗಳು, ಎಲ್ಲವೂ 1:500 ಅಳತೆಯಲ್ಲಿ. ಈ ವಾರ ಪಕ್ಕಕ್ಕೆ ಇನ್ನೊಂದು ಹಲಗೆ ಜೋಡಿಸಿದೆ. ಕಟ್ಟಡಗಳನ್ನಷ್ಟೇ ಮಾಡೋಣ ಅಂತ ಶುರು ಮಾಡಿದ್ದು. ಮಾಡುತ್ತಾ ಹೋದ ಹಾಗೆ, ಹೊಲಗಳನ್ನು ತೋರಿಸದಿದ್ದರೆ ಈ ಮನೆಗಳು ಯಾಕೆ ಹೀಗಿವೆ ಅನ್ನೋದೇ ಗೊತ್ತಾಗುವುದಿಲ್ಲ ಅನ್ನಿಸಿತು.

ಹೊಸದಾಗಿ ಓದುತ್ತಿರುವವರಿಗೆ ಒಂದಿಷ್ಟು ಹಿನ್ನೆಲೆ. ಲ್ಯಾಕ್ಸ್‌ಟನ್ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ. ಮಧ್ಯಯುಗದ ಮೂರು ಬಯಲುಗಳ ಬೇಸಾಯ ಇವತ್ತಿಗೂ ಅಲ್ಲಿ ನಡೆಯುತ್ತಿದೆ. ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಅಂತ ಮೂರು ದೊಡ್ಡ ಬಯಲು. ಅವುಗಳೊಳಗೆ ಒಬ್ಬರ ಜಮೀನಿಗೂ ಇನ್ನೊಬ್ಬರ ಜಮೀನಿಗೂ ನಡುವೆ ಬೇಲಿಯಿಲ್ಲ. ಒಬ್ಬೊಬ್ಬ ರೈತನಿಗೂ ಅಲ್ಲಿಷ್ಟು ಇಲ್ಲಿಷ್ಟು ಉದ್ದುದ್ದ ಪಟ್ಟಿಗಳಿವೆ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ. ಮೂರನೆಯದನ್ನು ಹಿಂದೆ ಬೀಳು ಬಿಡುತ್ತಿದ್ದರು, ಈಗ ಹುಲ್ಲು ಬೆಳೆಯುತ್ತಾರೆ. ಮರುವರ್ಷ ಸರದಿ ಬದಲು.

18 ಮತ್ತು 19ನೇ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳು ಇಂಥ ಬಯಲುಗಳನ್ನು ಊರಿಂದೂರಿಗೆ ಒಡೆದು, ಬೇಲಿ ಹಾಕಿಸಿ, ಒಬ್ಬೊಬ್ಬರ ಪಾಲನ್ನು ಒಂದೇ ಕಡೆ ಕೂಡಿಸಿಕೊಟ್ಟವು. ಆಮೇಲೆ ಎಷ್ಟೋ ರೈತರು ಊರೊಳಗಿನ ಮನೆ ಬಿಟ್ಟು ತಮ್ಮ ಜಮೀನಿನ ನಡುವೆಯೇ ಮನೆ ಕಟ್ಟಿಕೊಂಡರು. ಲ್ಯಾಕ್ಸ್‌ಟನ್‌ನಲ್ಲಿ ಪಟ್ಟಿಗಳು ದಿಕ್ಕಿಗೊಂದರಂತೆ ಚದುರಿಕೊಂಡೇ ಉಳಿದವು. ಯಾವ ಪಟ್ಟಿಯ ಪಕ್ಕ ಅಂತ ಮನೆ ಕಟ್ಟುವುದು? ಹಾಗಾಗಿ ಮನೆ, ಅಂಗಳ, ಕೊಟ್ಟಿಗೆ ಎಲ್ಲವೂ ಬೀದಿಯಲ್ಲೇ ಇವೆ. ನಿವೇಶನಗಳು ಬೀದಿಯ ಕಡೆಗೆ ಕಿರಿದು, ಹಿಂದಕ್ಕೆ ಉದ್ದ. ಅದಕ್ಕೇ ಬಹಳಷ್ಟು ಮನೆಗಳ ಪಕ್ಕದ ಗೋಡೆ ಬೀದಿಗೆ, ಬಾಗಿಲು ಅಂಗಳಕ್ಕೆ.

ಇದನ್ನು ಹತ್ತಿರದಿಂದ ತೋರಿಸಲು ಒಂದು ರೈತಮನೆಯನ್ನು ಮಾತ್ರ 1:100ರಲ್ಲಿ ಬೇರೆಯಾಗಿ ಮಾಡಿದೆ. ಕೆಂಪು ಇಟ್ಟಿಗೆ, ಮೇಲೆ ಎಸ್ ಆಕಾರಕ್ಕೆ ಬಾಗಿದ ಕಿತ್ತಳೆಗೆಂಪು ಹೆಂಚು. ಫಸಲು ಕೂಡಿಡುವ ಕೊಟ್ಟಿಗೆಯ ಗೋಡೆಯಲ್ಲಿ ಗಾಳಿಯಾಡಲೆಂದು ನಡುನಡುವೆ ಇಟ್ಟಿಗೆ ಬಿಟ್ಟ ಕಿಂಡಿಗಳಿವೆ. ರಟ್ಟಿನಲ್ಲಿ ಅವನ್ನು ಸೂಜಿಯಿಂದ ಚುಚ್ಚಿ, ಬ್ಲೇಡಿನ ತುದಿಯಿಂದ ಚೌಕ ಮಾಡಿದೆ. ಒಳಗೆ ಕಪ್ಪು ಕಾಗದ ಅಂಟಿಸಿದ ಮೇಲೆ ಗೋಡೆಗೆ ನಿಜವಾದ ದಪ್ಪ ಬಂತು. ಈ ಯೋಜನೆಯಲ್ಲಿ ನನಗೆ ತುಂಬ ಇಷ್ಟವಾದ ತುಂಡು ಇದೇ.

ಚರ್ಚಿನ ಕೆಲಸ ಬೇಗ ಮುಗಿಯಿತು. ಸೇಂಟ್ ಮೈಕೆಲ್ ಚರ್ಚನ್ನು 1859-60ರ ಜೀರ್ಣೋದ್ಧಾರದಲ್ಲಿ ಮೊದಲಿಗಿಂತ ಚಿಕ್ಕದಾಗಿಸಿದರು. ನಾನು ಮಾಡಿರುವುದು ಈಗಿನ ರೂಪವನ್ನೇ. ಒಳಗೆ 14ನೇ ಶತಮಾನದ ಒಂದು ಓಕ್ ಮರದ ಪ್ರತಿಮೆಯಿದೆ, ಮಲಗಿರುವ ಹೆಂಗಸಿನದು. ಅಲ್ಲಿಗೆ ಹೋದವರು ಅದನ್ನು ನೋಡದೆ ಬರಬೇಡಿ.

ಹೊಲಗಳಿಗೆ ನನ್ನ ಆಧಾರ 1635ರ ನಕ್ಷೆ. ಊರಿನ ಒಡೆಯ ಸರ್ ವಿಲಿಯಂ ಕೋರ್ಟನ್‌ಗಾಗಿ ಮಾರ್ಕ್ ಪಿಯರ್ಸ್ ಎಂಬ ಸರ್ವೇಯರ್ ಮಾಡಿದ್ದು. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯನ್ನೂ ಗೆರೆ ಹಾಕಿ ತೋರಿಸಿದ್ದಾನೆ, ಉಳುವವರನ್ನೂ ಕೊಯ್ಯುವವರನ್ನೂ ಪುಟ್ಟದಾಗಿ ಬರೆದಿದ್ದಾನೆ. ಈಗ ಪಟ್ಟಿಗಳು ಒಂದರೊಳಗೊಂದು ಸೇರಿ ಅಗಲವಾಗಿವೆ, ಬಯಲುಗಳೂ ಕುಗ್ಗಿವೆ. 1635ರದ್ದು ಮಾಡಲೋ ಇವತ್ತಿನದೋ ಎಂದು ತುಂಬ ಯೋಚಿಸಿ ಇವತ್ತಿನದನ್ನೇ ಆರಿಸಿಕೊಂಡೆ. ಬದುಕಿರುವ ಊರನ್ನು ಬದುಕಿರುವ ಹಾಗೇ ತೋರಿಸಬೇಕು. ಗೋಧಿಗೆ ಹಸಿರು ಬಣ್ಣ ಕಟ್ಟಿದ ನುಣುಪಾದ ಮರದ ಹೊಟ್ಟು, ಬಿತ್ತನೆಗೆ ಕಾದಿರುವ ನೆಲಕ್ಕೆ ಜರಡಿ ಹಿಡಿದ ಮಣ್ಣು.

ಬಯಲುಗಳ ನಡುವೆ ನೇಗಿಲು ಇಳಿಸಲಾಗದ ತಗ್ಗು ಹುಲ್ಲುಪಟ್ಟಿಗಳಿವೆ, ಅವಕ್ಕೆ ಸೈಕ್ ಅನ್ನುತ್ತಾರೆ. ಅಲ್ಲಿನ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ. ಯಾರಾದರೂ ಸೈಕನ್ನೋ ದಾರಿಯನ್ನೋ ಒತ್ತುವರಿ ಮಾಡಿ ಉತ್ತರೆ ದಂಡ ಬೀಳುತ್ತದೆ. ನವೆಂಬರ್ ಕೊನೆಯಲ್ಲಿ ಊರಿನ ಜ್ಯೂರಿ, ಅಂದರೆ ತಪಾಸಣೆಗೆ ನೇಮಕವಾದ ಊರವರ ತಂಡ, ಗೋಧಿ ಬಿತ್ತಿದ ಬಯಲನ್ನು ಸುತ್ತಿ, ಗಡಿ ತಪ್ಪಿದ ಕಡೆ ಗೂಟ ಹೊಡೆಯುತ್ತದೆ. ಅದರ ಮರುವಾರ ಡವ್‌ಕೋಟ್ ಇನ್‌ನಲ್ಲಿ ಕೋರ್ಟ್ ಲೀಟ್ ಎಂಬ ಊರಿನ ಹಳೆಯ ನ್ಯಾಯಸಭೆ ಕೂತು ದಂಡ ಹಾಕುತ್ತದೆ, ಮುಂದಿನ ಜ್ಯೂರಿಯನ್ನೂ ನೇಮಿಸುತ್ತದೆ. 1952ರಲ್ಲಿ ಆಗಿನ ಒಡೆಯ ಅರ್ಲ್ ಮ್ಯಾನ್ವರ್ಸ್ ಈ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೆ ಮರಳಿತು. ಒಡೆಯರು ಬದಲಾದರೂ ಜ್ಯೂರಿ ಹೊಲ ಸುತ್ತುವುದು ನಿಂತಿಲ್ಲ.

1:500ರಲ್ಲಿ ಆ ಗೂಟ ಕಣ್ಣಿಗೇ ಬೀಳದು. ಆದರೂ ಒಂದು ಸೈಕಿನ ಅಂಚಿಗೆ ಹಲ್ಲುಕಡ್ಡಿಯ ಚೂರನ್ನು ಬೇಕೆಂದೇ ದೊಡ್ಡದಾಗಿ ನೆಟ್ಟಿದ್ದೇನೆ. ಪಾರ್ಲಿಮೆಂಟ್ ಸಾಲು ಸಾಲಾಗಿ ಅಳಿಸಿಹಾಕಿದ ವ್ಯವಸ್ಥೆಯನ್ನು ಈ ಊರು ಉಳಿಸಿಕೊಂಡಿದ್ದು ಇಂಥ ಗೂಟಗಳಿಂದಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮುಂದಿನ ಕೆಲಸ ಊರಿನ ಉತ್ತರಕ್ಕಿರುವ ನಾರ್ಮನ್ ಕೋಟೆಯ ದಿಬ್ಬ. ಗೋಡೆ ಏನೂ ಉಳಿದಿಲ್ಲ, ಹುಲ್ಲು ಹೊದ್ದ ಮಣ್ಣಷ್ಟೇ. ಸರ್ವೇ ನಕ್ಷೆಯ ಎತ್ತರದ ಗೆರೆಗಳಿಗೆ ಸರಿಯಾಗಿ ಕಾರ್ಕ್ ಹಾಳೆ ಕತ್ತರಿಸಿ ಇಟ್ಟಾಗಿದೆ; ಅಂಟಿಸುವುದು, ಮೇಲೆ ಪ್ಲಾಸ್ಟರ್ ಬಳಿಯುವುದು ಬಾಕಿ.