ಹನೋಯಿಯ ಕಬ್ಬಿನ ಹಾಲಿನಲ್ಲಿ ಬೆಲ್ಲ ಆಗುವುದಿಲ್ಲ

ಸೋಮವಾರ ನೆರೆಮನೆಯಲ್ಲಿ ಸತ್ಯನಾರಾಯಣ ಕಥೆಯ ಊಟಕ್ಕೆ ಕುಳಿತಾಗ ಯಾರೋ ಭಾವನನ್ನು ಕೇಳಿದರು, ‘ವಿಯೆಟ್ನಾಂ ಹೇಗಿತ್ತು?’ ಭಾವ ಸಾರು ಕಲಸುವುದನ್ನು ನಿಲ್ಲಿಸದೆ ಹೇಳಿದರು: ‘ದೇಶ ಚಲೋ ಇದೆ. ಆದರೆ ಅಲ್ಲಿಯ ಕಬ್ಬಿನ ಹಾಲಿನಲ್ಲಿ ಬೆಲ್ಲ ಆಗುವುದಿಲ್ಲ.’

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ, ‘ಅಷ್ಟು ದೂರ ಹೋಗಿ ಬೆಲ್ಲ ನೋಡಿಕೊಂಡು ಬಂದಿರಾ?’ ಎಂದು ಎಲೆಯ ಮೇಲೆ ಬಗ್ಗಿ ಬಗ್ಗಿ ನಕ್ಕ. ಭಾವ ಉತ್ತರಿಸದೆ ಮಜ್ಜಿಗೆಗೆ ಕೈ ಒಡ್ಡಿದರು. ಉರಿ ಹತ್ತಿದ್ದು ನನಗೆ. ಅಲ್ಲಿ ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾವ ಶಿರಸಿಯ ತೋಟಿಗರು. ಅಡಿಕೆ, ಕಾಳುಮೆಣಸು, ಮನೆಯ ಖರ್ಚಿಗೊಂದಿಷ್ಟು ಕಬ್ಬು. ವಿಯೆಟ್ನಾಮಿಗೆ ಹೊರಟಾಗಲೇ ಆ ದೇಶದ ಮೇಲೆ ಅವರಿಗೊಂದು ಹಳೆಯ ಸಿಟ್ಟಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ಅಲ್ಲಿ. ಅದು ಶ್ರೀಲಂಕಾ ಸುತ್ತಿ ಬಂದು ನಮ್ಮ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಬೀಳುತ್ತದೆಂದು ಬೆಳೆಗಾರರು ಬೊಬ್ಬೆ ಹಾಕಿದ ಮೇಲೆಯೇ, 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದು. ‘ನಮ್ಮ ದರ ಇಳಿಸಿದವರ ಮುಖವನ್ನಾದರೂ ನೋಡಿ ಬರೋಣ’ ಎಂದು ಭಾವ ಚೀಲ ಕಟ್ಟಿದ್ದರು.

ನಮ್ಮ ತಂಡದ ಉಳಿದವರ ವಿಷಯ ಹೇಳದಿರುವುದೇ ಒಳ್ಳೆಯದು, ಆದರೂ ಹೇಳುತ್ತೇನೆ. ಬೆಳಿಗ್ಗೆ ಅವಲಕ್ಕಿ, ರಾತ್ರಿ ‘ಇಂಡಿಯನ್’ ಹೋಟೆಲಿನ ಪನೀರು, ನಡುವೆ ಮನೆಯಿಂದ ತಂದ ಚಕ್ಕುಲಿ. ಹನೋಯಿಯ ಪ್ರಸಿದ್ಧ ಮೊಟ್ಟೆ ಕಾಫಿಯ ಅಂಗಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಒಳಗೆ ಹೋದವರಿಲ್ಲ. 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲ್ ನೌಕರರೊಬ್ಬರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ಕಡೆದು ಕಾಫಿಯ ಮೇಲೆ ಸುರಿದು ಹುಟ್ಟಿಸಿದ್ದು ಅದು. ನಾವೂ ಮೊಟ್ಟೆ ತಿನ್ನುವವರಲ್ಲ, ಆದ್ದರಿಂದ ಒಳಗೆ ಹೋಗಲಿಲ್ಲ. ಆದರೆ ಫೋಟೋಕ್ಕೂ ನಿಲ್ಲಲಿಲ್ಲ.

ಆ ಸಂಜೆ ಅಕ್ಕ, ಭಾವ, ನಾನು ಗೈಡ್ ಹುಡುಗನನ್ನು ಕರೆದುಕೊಂಡು ಹಳೆ ಪೇಟೆಗೆ ಹೋದೆವು. ಒಂದು ಮೂಲೆಯಲ್ಲಿ ಕಬ್ಬಿನ ಗಾಣ ಕಂಡದ್ದೇ ಭಾವ ನಿಂತುಬಿಟ್ಟರು. ಗಾಣದ ಹೆಂಗಸು ಕಬ್ಬನ್ನು ಮಡಚಿ, ನಡುವೆ ಗೋಲಿ ಗಾತ್ರದ ಹುಳಿ ಕಿತ್ತಳೆಗಳನ್ನು ಸಿಪ್ಪೆಸಮೇತ ಸಿಕ್ಕಿಸಿ ಒಳಗೆ ತಳ್ಳಿದಳು. ಈ ಕಡೆ ಬಂದು ಬಿದ್ದ ಹಿಂಡಿದ ಸಿಪ್ಪೆಯನ್ನು ಭಾವ ಎತ್ತಿಕೊಂಡು ಎರಡೂ ಕೈಯಲ್ಲಿ ತಿರುಚಿದರು. ಒಂದು ಹನಿಯೂ ಉದುರಲಿಲ್ಲ. ‘ಗಾಣ ಬಿಗಿ ಇದೆ’ ಎಂದು ತಲೆದೂಗಿದರು. ಆ ಹೆಂಗಸಿಗೆ ಕನ್ನಡ ತಿಳಿಯದಿದ್ದರೂ ಹೊಗಳಿಕೆ ತಿಳಿಯಿತು. ಐಸ್ ಹಾಕದೆ ಲೋಟ ತುಂಬಿಸಿ ಕೊಟ್ಟಳು. ಭಾವ ಮೊದಲು ಮೂಸಿದರು, ಆಮೇಲೆ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ‘ಸಿಪ್ಪೆಯ ಎಣ್ಣೆ ಇಳಿದಿದೆ, ಪರಿಮಳ ಬೇರೆಯೇ. ಆದರೆ ಇದರಲ್ಲಿ ಬೆಲ್ಲ ಆಗುವುದಿಲ್ಲ’ ಎಂದರು. ಎಂದವರೇ ಇನ್ನೊಂದು ಲೋಟಕ್ಕೆ ಬೆರಳೆತ್ತಿದರು.

ಅದು ತೆಗಳಿಕೆಯಲ್ಲ, ಆಲೆಮನೆಯಲ್ಲಿ ರಾತ್ರಿಗಟ್ಟಲೆ ಕೊಪ್ಪರಿಗೆಯ ಮುಂದೆ ಕುಳಿತವನ ಲೆಕ್ಕ. ಹುಳಿ ಸೇರಿದ ಹಾಲನ್ನು ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿಯಾಗುವುದಿಲ್ಲ. ಹುಳಿ ಮುರಿಯಲೆಂದೇ ಕುದಿಯುವ ಹಾಲಿಗೆ ಸುಣ್ಣದ ನೀರು ಹಾಕುವುದು. ಪರದೇಶದಲ್ಲಿ ನಮ್ಮೂರನ್ನು ಅಳತೆಗೋಲು ಮಾಡಿಕೊಳ್ಳಬಾರದು, ಮನಸ್ಸು ಖಾಲಿ ಇಟ್ಟುಕೊಂಡು ಹೋಗಬೇಕು ಎಂದು ಪ್ರವಾಸ ಬಲ್ಲವರೆಲ್ಲ ಉಪದೇಶಿಸುತ್ತಾರೆ. ನಾನೂ ಹಾಗೆಂದುಕೊಂಡಿದ್ದೆ. ಆದರೆ ಖಾಲಿ ಮನಸ್ಸಿನವರು ನಮ್ಮ ಬಸ್ಸಿನ ತುಂಬ ಇದ್ದರು, ಅವರಿಗೆ ಎಲ್ಲವೂ ‘ಸೂಪರ್’. ಕಬ್ಬನ್ನು ಬಲ್ಲವನಿಗೆ ಮಾತ್ರ ಆ ಲೋಟದಲ್ಲಿ ಹೊಸದೇನಿದೆ ಎಂದು ಗೊತ್ತಾಯಿತು.

ಅಕ್ಕನದೂ ಅದೇ ಕಥೆ. ಬಾನ್ ಕುವೊನ್ ಎಂಬ ತಿಂಡಿ ಮಾಡುವಲ್ಲಿ ಕುದಿನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿ ಮುಚ್ಚುತ್ತಾರೆ. ಬೆಂದ ಹಾಳೆಯನ್ನು ಬಿದಿರ ಕಡ್ಡಿಯಿಂದ ಎಬ್ಬಿಸುತ್ತಾರೆ. ಮಡಕೆ ಬೋರಲು ಹಾಕಿ, ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವು ಬಳಿಯುವ ಅಕ್ಕ ಅಲ್ಲಿಂದ ಏಳಲೇ ಇಲ್ಲ. ಹಾಳೆ ಹರಿಯದೆ ಎದ್ದಾಗಲೆಲ್ಲ ‘ಹ್ಞಾಂ’ ಎನ್ನುತ್ತಿದ್ದಳು. ಮಾಂಸದ ಹೂರಣ ಬೇಡವೆಂದು ಗೈಡ್ ಹೇಳಿದ ಮೇಲೆ ಬರಿಯ ಹಾಳೆಗಳು ಬಂದವು. ಮೀನಿನ ಸಾಸ್ ಬದಿಗೆ ಸರಿಸಿ ಮಿಡಿ ಉಪ್ಪಿನಕಾಯಿಯ ರಸ ಹಚ್ಚಿಕೊಂಡು ತಿಂದೆವು. ಬೆಂಗಳೂರಿನ ಹುಡುಗ ಇದಕ್ಕೂ ನಗಬಹುದು, ನಗಲಿ.

ಕೊನೆಗೆ ಕುಳಿತದ್ದು ಐಸ್ ಚಹಾ ಮಾರುವ ಅಜ್ಜಿಯೊಬ್ಬಳ ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ. ಭಾವ ಸಂಚಿ ಬಿಚ್ಚಿ ಕವಳ ಹಾಕುವುದನ್ನು ನೋಡಿದವಳೇ ಅಜ್ಜಿ ತನ್ನ ಡಬ್ಬಿ ತೆಗೆದಳು: ಸುಣ್ಣ ಸವರಿ ಸುತ್ತಿದ ವೀಳ್ಯದೆಲೆ, ಸೀಳಿದ ಹಸಿ ಅಡಿಕೆ. ಗೈಡ್ ಹುಡುಗನಿಗೆ ಕಥೆಯೊಂದು ನೆನಪಾಯಿತು. ಅಣ್ಣತಮ್ಮಂದಿರಲ್ಲಿ ಒಬ್ಬ ಸುಣ್ಣದ ಕಲ್ಲಾದ, ಇನ್ನೊಬ್ಬ ಅಡಿಕೆ ಮರವಾದ, ಅಣ್ಣನ ಹೆಂಡತಿ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಾದಳಂತೆ. ಹಾಗಾಗಿ ಅಲ್ಲಿಯ ಮದುವೆಗೆ ಈ ಮೂರೂ ಬೇಕು. ಭಾವ ಅರ್ಧ ಅಡಿಕೆ ಕೊಟ್ಟು ಅರ್ಧ ಇಸಿದುಕೊಂಡರು. ಕಾಳುಮೆಣಸಿನ ಸುದ್ದಿಯನ್ನು ಆ ರಾತ್ರಿ ಎತ್ತಲಿಲ್ಲ.

ಮರುದಿನ ಹಾ ಲಾಂಗ್ ಕೊಲ್ಲಿಯ ದೋಣಿಯಲ್ಲಿ ಸುತ್ತ ಸಾವಿರಾರು ಸುಣ್ಣದ ಕಲ್ಲಿನ ಗುಡ್ಡಗಳು, ನಮ್ಮ ಯಾಣವನ್ನು ತಂದು ಸಮುದ್ರದಲ್ಲಿ ನೆಟ್ಟಂತೆ. ಎಲ್ಲರ ಮೊಬೈಲೂ ಮೇಲೆದ್ದಿತ್ತು. ಭಾವ ನನ್ನ ಮೊಣಕೈ ತಿವಿದರು: ‘ಆ ಹುಡುಗನನ್ನು ಕೇಳು, ಇಲ್ಲಿ ಅಡಿಕೆಯ ಕೊಳೆರೋಗಕ್ಕೆ ಏನು ಹೊಡೆಯುತ್ತಾರೆ? ಬೋರ್ಡೋ ದ್ರಾವಣವೋ, ಬೇರೆಯೋ?’ ನಾನು ಇದ್ದಬದ್ದ ಇಂಗ್ಲಿಷೆಲ್ಲ ಸೇರಿಸಿ ಕೇಳಿದೆ. ಹನೋಯಿಯಲ್ಲೇ ಹುಟ್ಟಿ ಬೆಳೆದ ಪೇಟೆಯ ಹುಡುಗ, ಅವನಿಗೆ ಗೊತ್ತಿರಲಿಲ್ಲ. ‘ಅಜ್ಜಿಯನ್ನೇ ಕೇಳಬೇಕಿತ್ತು’ ಎಂದು ಭಾವ ದೋಣಿ ದಡಕ್ಕೆ ಬರುವವರೆಗೂ ಪೇಚಾಡಿದರು.