ಲಟ್ಟಣಿಗೆಗೆ ಬಳ್ಳಿ ಕೆತ್ತಲು ಹೋಗಿ

ಮನೆಯಲ್ಲೇ ಜೋಡಿಸಿದ ನನ್ನ ಪುಟ್ಟ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್ನಿಗೆ, ನಾಲ್ಕನೇ ಆಕ್ಸಿಸ್ (ಚಲಿಸುವ ದಿಕ್ಕು) ಹಾಕುವ ಹುಚ್ಚು ಹಿಡಿದದ್ದು ಒಂದು ಲಟ್ಟಣಿಗೆಯಿಂದ. ಅದರ ಮೈಸುತ್ತ ಹೂಬಳ್ಳಿ ಕೆತ್ತಬೇಕಿತ್ತು. ಚಪ್ಪಟೆ ಹಲಗೆಗೆ ಎಕ್ಸ್, ವೈ, ಝಡ್ ಮೂರೇ ಸಾಕು. ದುಂಡಗಿನ ಮರವಾದರೆ ಅದನ್ನು ತಿರುಗಿಸುವುದಕ್ಕೆ ಇನ್ನೊಂದು ಮೋಟರ್ ಬೇಕು.

ಮರ ಹಿಡಿದುಕೊಳ್ಳುವ ಚಕ್, ಮೋಟರ್, ಬೆಲ್ಟ್ ಎಲ್ಲ ಸೇರಿದ ರೋಟರಿ ತರಿಸಿದೆ. ಮೆಷಿನ್ ನಡೆಸುವ ಬೋರ್ಡಿನಲ್ಲಿ ‘ಎ’ ಅಂತ ಗುರುತಿದ್ದ ನಾಲ್ಕನೇ ಜಾಗ ಖಾಲಿ ಇತ್ತಲ್ಲ, ಅಲ್ಲಿ ಮೋಟರ್ ಓಡಿಸುವ ಡ್ರೈವರ್ ಕೂರಿಸಿದರೆ ಮುಗೀತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತೆ! ಆರ್ಡುಯಿನೊ ಊನೊ ಅನ್ನುವ ಪುಟ್ಟ ಬೋರ್ಡಿನ ಮೇಲೆ ಓಡುವ, ಮೆಷಿನ್ನಿಗೆ ಆಜ್ಞೆ ಕೊಡುವ ಜಿಆರ್‌ಬಿಎಲ್ ಸಾಫ್ಟ್‌ವೇರಿಗೆ ಗೊತ್ತಿರುವುದು ಮೂರೇ ಆಕ್ಸಿಸ್. ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ಕ್ಲಿಪ್) ಹಾಕಿದರೆ ಆ ನಾಲ್ಕನೆಯದು ಉಳಿದ ಮೂರರಲ್ಲಿ ಒಂದು ಮಾಡಿದ್ದನ್ನೇ ತಾನೂ ಮಾಡುತ್ತದೆ, ಅಷ್ಟೇ.

ಹೊಸ ಬೋರ್ಡಿಗೆ ದುಡ್ಡು ಸುರಿಯುವ ಮನಸ್ಸಿರಲಿಲ್ಲ. ಹಾಗಾಗಿ ವೈ ಮೋಟರಿನ ಕೇಬಲ್ ಕಿತ್ತು ರೋಟರಿಗೆ ಹಾಕಿದೆ. ಕೆತ್ತುವ ಬಿಟ್ ಸರಿಯಾಗಿ ಮರದ ನಡುನೆತ್ತಿಯ ಮೇಲೆ ನಿಲ್ಲಬೇಕು, ಆಮೇಲೆ ಮೆಷಿನ್ನಿಗೆ ‘ಇದೇ ನಿನ್ನ ವೈ’ ಅಂತ ಸುಳ್ಳು ಹೇಳಬೇಕು. ಆ ಸುಳ್ಳಿಗೂ ಒಂದು ಲೆಕ್ಕ ಇದೆ. ಮೋಟರಿನ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರ್ ಒಂದೊಂದನ್ನೂ 16 ಪುಟ್ಟ ಹೆಜ್ಜೆ ಮಾಡುತ್ತದೆ, ಬೆಲ್ಟಿನ ಲೆಕ್ಕ 6ಕ್ಕೆ 1, ಮೋಟರ್ ಆರು ಸುತ್ತಿದರೆ ಮರ ಒಂದು ಸುತ್ತು. ಅಂದರೆ ಮರ ಒಂದು ಸುತ್ತು ತಿರುಗಲು 19,200 ಹೆಜ್ಜೆ. ಲಟ್ಟಣಿಗೆ 40 ಮಿಲಿಮೀಟರ್ ದಪ್ಪ, ಸುತ್ತಳತೆ ಸುಮಾರು 125.66. ಭಾಗಿಸಿದರೆ ಮಿಲಿಮೀಟರಿಗೆ 152.8 ಹೆಜ್ಜೆ. ಅದನ್ನು ವೈ ಮಿಲಿಮೀಟರಿಗೆ ಎಷ್ಟು ಹೆಜ್ಜೆ ಅಂತ ಹೇಳುವ $101 ಅನ್ನುವ ಸೆಟ್ಟಿಂಗಿನಲ್ಲಿ ತುಂಬಿದೆ. ಮರದ ದಪ್ಪ ಬದಲಾದರೆ ಮತ್ತೆ ಲೆಕ್ಕ ಹಾಕಬೇಕು, ಅದೊಂದು ರಗಳೆ.

ಆದರೂ ಬಳ್ಳಿ ಚೆನ್ನಾಗಿ ಬಂತು! ಶುರುವಾದ ಎಲೆಗೇ ಬಂದು ಸೇರಿಕೊಂಡಾಗ ಒಬ್ಬನೇ ಚಪ್ಪಾಳೆ ತಟ್ಟಿದೆ. ಅಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಚೆನ್ನಾಗೇನೋ ಇದೆ ಕಣೋ, ಸಂದೀಲೆಲ್ಲ ಹಿಟ್ಟು ಕೂತ್ಕೊಂಡ್ರೆ ತೊಳೆಯೋರು ಯಾರು?” ಅಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಮಾರನೇ ದಿನ ಚಿಕ್ಕಮ್ಮನ ಮನೆಗೆ ಹೆಸರಿನ ಫಲಕ ಕೆತ್ತಬೇಕಿತ್ತು. ಕೇಬಲ್ ವಾಪಸ್ ವೈಗೆ ಹಾಕಿ, ತೇಗದ ಹಲಗೆ ಬಿಗಿದು, ಮೆಷಿನ್ ಶುರು ಮಾಡಿ ಕಾಫಿಗೆ ಹೋದೆ. ಬಂದು ನೋಡಿದರೆ 80 ಮಿಲಿಮೀಟರ್ ಎತ್ತರ ಬರಬೇಕಿದ್ದ ‘ಶ್ರೀನಿಲಯ’ 15ಕ್ಕೆ ಕುಗ್ಗಿತ್ತು. ಅಗಲ ಮಾತ್ರ ಸರಿಯಾಗಿತ್ತು. ಯಾರೋ ಅಕ್ಷರಗಳ ಮೇಲೆ ಕೂತು ಎದ್ದ ಹಾಗೆ. ಕೇಬಲ್ ಬದಲಿಸಿದ್ದೆ, ಸೆಟ್ಟಿಂಗ್ ಬದಲಿಸಿರಲಿಲ್ಲ! ವೈಗೆ 800 ಇರಬೇಕಾದ ಕಡೆ 152.8 ಹಾಗೇ ಕೂತಿತ್ತು. ಕರೆಂಟ್ ತೆಗೆದರೂ ಅದು ಅಳಿಸಿ ಹೋಗುವುದಿಲ್ಲ, ನೋಡಿ.

ಈಗ ವೈ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ 800 ಅಂತ ಬರೆದಿಟ್ಟಿದ್ದೇನೆ. ಆರು ಆಕ್ಸಿಸ್‌ವರೆಗೂ ಓಡಿಸುವ ಫ್ಲೂಯಿಡ್‌ಎನ್‌ಸಿ ಅನ್ನುವ ಇನ್ನೊಂದು ಸಾಫ್ಟ್‌ವೇರಿಗಾಗಿ ಇಎಸ್‌ಪಿ32 ಚಿಪ್ಪಿನ ಬೋರ್ಡನ್ನೂ ಹುಡುಕುತ್ತಿದ್ದೇನೆ. ಚಿಕ್ಕಮ್ಮನಿಗೆ ಹಲಗೆ ಇನ್ನೂ ಸಿಕ್ಕಿಲ್ಲ ಅಂತ ಹೇಳಿದ್ದೇನೆ.